ಗಲ್ಲು ಉಳಿದಿರೋದು ಜನಾಭಿಪ್ರಾಯದಿಂದ ಮಾತ್ರ ಅಲ್ಲ

ಸರ್, ಯುರೋಪಿನ ಬಹುತೇಕ ದೇಶಗಳು ಮರಣದಂಡನೆ ಬಿಟ್ಟರೂ ಅಮೆರಿಕ, ಜಪಾನ್, ಭಾರತ ಯಾಕೆ ಬಿಟ್ಟಿಲ್ಲ, ಜನ ಬೇಕು ಅಂತಾರೆ ಅಂತಲಾ, ಎಂದು ಕೇಳಿದ್ದೀರಿ. ಅಷ್ಟೇ ಆಗಿದ್ದರೆ ಫ್ರಾನ್ಸ್‌ನಲ್ಲೂ ಉಳಿಯಬೇಕಿತ್ತು. 1981ರಲ್ಲಿ ಸಂಸತ್ತು ಅದನ್ನು ತೆಗೆದಾಗ ಅಲ್ಲಿ ಹೆಚ್ಚಿನ ಜನ ಅದರ ಪರವೇ ಇದ್ದರು.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಕಾನೂನು. ಬಹಳ ಕಡೆ ಸರ್ಕಾರಿ ವಕೀಲರೇ ಚುನಾವಣೆ ಗೆಲ್ಲಬೇಕು. ಮೆತ್ತಗಿನವರು ಅನಿಸಿಕೊಂಡರೆ ವೋಟು ಹೋಯಿತು ಅಂತಲೇ ಲೆಕ್ಕ. ನನಗೆ ಇದೇ ದೊಡ್ಡ ಕಾರಣ ಅನಿಸುತ್ತೆ. ಜಪಾನಿನಲ್ಲಿ ಕೈದಿಗೇ ಅದೇ ದಿನ ಬೆಳಗ್ಗೆ ತಿಳಿಸಿ ನೇಣಿಗೆ ಹಾಕುತ್ತಾರೆ, ಊರಿಗೆ ಗೊತ್ತಾಗೋದು ಆಮೇಲೆ. ಇನ್ನು ಚರ್ಚೆ ಎಲ್ಲಿಂದ ಬರಬೇಕು?

ನಮ್ಮದು ಬೇರೆ ತರಹ. ನಿಮ್ಮ ಬೀದರ್ ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿತು ಅಂದುಕೊಳ್ಳಿ. ಕೈದಿ ಅಪೀಲು ಹಾಕಲಿ ಬಿಡಲಿ, ಫೈಲು ಇಲ್ಲಿ ಕಲಬುರಗಿ ಹೈಕೋರ್ಟ್ ಪೀಠಕ್ಕೆ ಬರಲೇಬೇಕು. ಇಲ್ಲಿ ಖಾಯಂ ಆಗದೆ ನೇಣಿಲ್ಲ. ಆಮೇಲೂ ಸುಪ್ರೀಂ ಕೋರ್ಟ್, ರಾಷ್ಟ್ರಪತಿ ಇದ್ದಾರೆ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನಂತೆ ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಗಲ್ಲು. ಹಾಗಾಗಿ ಕೆಳಗೆ ಕೊಟ್ಟ ಶಿಕ್ಷೆ ಮೇಲೆ ಹೋದಾಗ ಜೀವಾವಧಿ ಆಗೋದೇ ಜಾಸ್ತಿ. ಜಾರಿಯಾಗೋದು ಇಷ್ಟು ಕಡಿಮೆ ಇರುವಾಗ ತೆಗೆಯೋ ಒತ್ತಡವೂ ಇರಲ್ಲ, ಅಲ್ವಾ? ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧ ಸಾರಿದ ಕೇಸು ಬಿಟ್ಟು ಉಳಿದದ್ದಕ್ಕೆ ಗಲ್ಲು ಬೇಡ ಅಂತ 2015ರಲ್ಲಿ ಕಾನೂನು ಆಯೋಗವೇ ಹೇಳಿತ್ತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ.