ಗೋಡೆ ಕೊರೆಯುವ ಮುಂಚೆ ಸೀಮೆಸುಣ್ಣ ಹಿಡಿಯಿರಿ

ಬೆಂಗಳೂರಿನ ವಿಜಯನಗರದಲ್ಲಿ ಅಪ್ಪ ಕಟ್ಟಿಸಿದ 30-40 ಸೈಟಿನ ಮನೆ, 35 ವರ್ಷ ದಾಟಿದೆ, ರಿನೋವೇಶನ್ ಶುರುವಾಗಿ ಅರ್ಧ ಒಡೆದಾಗಿದೆ ಅಂತ ಬರೆದಿದ್ದೀರಿ. ವಾರ್ಡ್‌ರೋಬ್, ಅಡುಗೆಮನೆ, ಲೈಟು ಇವನ್ನೆಲ್ಲ ಗಾರೆ ಕೆಲಸ ಮುಗಿದ ಮೇಲೆ ನೋಡಿಕೊಂಡರೆ ಸಾಕಾ, ಹಳೆಯ ಕೆಂಪು ನೆಲ ಉಳಿಸಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಸಾಲದು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ಮುಂಚೆಯೇ ಮಂಚ ಎಲ್ಲಿ, ಬೀರು ಎಲ್ಲಿ, ಮಿಕ್ಸಿ ಎಲ್ಲಿ ಅನ್ನುವುದು ತೀರ್ಮಾನ ಆಗಿರಬೇಕು. ಎರಡನೆಯದಕ್ಕೆ ಉತ್ತರ: ಉಳಿಸಿಕೊಳ್ಳಿ. ಕಷ್ಟಪಟ್ಟಾದರೂ ಉಳಿಸಿಕೊಳ್ಳಿ.

ನಮ್ಮದು ಹನುಮಂತನಗರದಲ್ಲಿ ನಿಮ್ಮದೇ ಥರದ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಈಗ ಐದನೇ ತಿಂಗಳ ಕೆಲಸ ನಡೆಯುತ್ತಿದೆ. ಬಾಡಿಗೆಯವರು ಖಾಲಿ ಮಾಡಿದ್ದರಿಂದ ಮೇಲಿನ ಮನೆಯನ್ನು ಮೊದಲು ಕೈಗೆತ್ತಿಕೊಂಡೆವು. ಅಲ್ಲಿ ಮಾಡಿದ ತಪ್ಪೇ ಕೆಳಗಿನ ಮನೆಗೆ ಪಾಠ ಆಯಿತು.

ಮೇಲಿನ ಮನೆಯಲ್ಲಿ ಎಲೆಕ್ಟ್ರಿಷಿಯನ್ "ಮೇಡಮ್, ಪಾಯಿಂಟ್ ಎಲ್ಲೆಲ್ಲಿ ಬೇಕು?" ಅಂತ ಮೊದಲ ದಿನವೇ ಕೇಳಿದ್ದರು. ಹಳೆಯ ಜಾಗದಲ್ಲೇ ಇರಲಿ, ಎರಡು ಜಾಸ್ತಿ ಹಾಕಿ ಅಂದುಬಿಟ್ಟೆ. ಗಾರೆ ಆಯಿತು, ಪುಟ್ಟಿ ಆಯಿತು, ಬಣ್ಣವೂ ಆಯಿತು. ಆಮೇಲೆ ಬಡಗಿ ಬಂದು ಅಳತೆ ಹಿಡಿದಾಗ ಒಂದು ರೂಮಿನ ಸ್ವಿಚ್‌ಬೋರ್ಡ್ ಸರಿಯಾಗಿ ವಾರ್ಡ್‌ರೋಬಿನ ಹಿಂದೆ ಬಂತು. ಮಂಚದ ತಲೆಯ ಕಡೆ ಒಂದು ಪ್ಲಗ್ಗೂ ಇರಲಿಲ್ಲ. ಫ್ರಿಜ್ಜಿನ ಪಾಯಿಂಟ್ ಸಿಂಕಿನ ಪಕ್ಕದಲ್ಲಿತ್ತು. ಬಣ್ಣ ಒಣಗಿದ ಗೋಡೆಯನ್ನು ಮತ್ತೆ ಕೊರೆಸಿದೆವು. ಎರಡು ವಾರ ಹೋಯಿತು. ತೇಪೆ ಹಾಕಿದ ಜಾಗ ಸಂಜೆ ಲೈಟು ಹಾಕಿದಾಗ ಇವತ್ತಿಗೂ ಎದ್ದು ಕಾಣುತ್ತದೆ. ನೋಡಿದಾಗೆಲ್ಲ ಬೇಜಾರಾಗುತ್ತದೆ.

ಕೆಳಗಿನ ಮನೆಗೆ ಬಂದಾಗ ಒಂದು ಭಾನುವಾರ ಕೆಲಸದವರು ಯಾರೂ ಇಲ್ಲದಾಗ ನಾನು, ಅಮ್ಮ, ತಮ್ಮ ಮೂವರೂ ಸೀಮೆಸುಣ್ಣದ ಡಬ್ಬಿ, ಟೇಪು ಹಿಡಿದು ಕೂತೆವು. ಕಾಗದದ ಮೇಲೆ ಅಲ್ಲ, ನೆಲದ ಮೇಲೇ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಬರೆದೆವು. ಮಂಚ 6 ಅಡಿಗೆ ಆರೂವರೆ ಅಡಿ. ವಾರ್ಡ್‌ರೋಬ್ 2 ಅಡಿ ಆಳ. ಬಾಗಿಲು ತೆರೆಯುವಾಗ ಎಲ್ಲಿಯವರೆಗೆ ಬರುತ್ತದೆ ಅಂತ ಒಂದು ಕಮಾನು. ಊಟದ ಟೇಬಲ್ಲಿನ ಸುತ್ತ, ಕುರ್ಚಿ ಹಿಂದಕ್ಕೆ ಎಳೆಯುವುದಕ್ಕೆ ಎರಡೂವರೆ ಅಡಿ. ಬರೆದ ಮೇಲೆ ಆ ಗೆರೆಗಳ ನಡುವೆ ಓಡಾಡಿ ನೋಡಿದೆವು. ಅಂದುಕೊಂಡಿದ್ದ ಜಾಗದಲ್ಲಿ ಸೋಫಾ ಹಾಕಿದರೆ ದೇವರ ಮನೆಗೆ ಹೋಗುವ ದಾರಿಗೇ ಅಡ್ಡ ಬರುತ್ತಿತ್ತು. ಅದು ನಕ್ಷೆಯಲ್ಲಿ ಮೂರು ಜನಕ್ಕೂ ಕಂಡಿರಲಿಲ್ಲ.

ಅಡುಗೆಮನೆಗೆ ಅರ್ಧ ದಿನ ಹಿಡಿಯಿತು, ನಿಮಗೂ ಹಿಡಿಯಲಿ. ಕಟ್ಟೆ 34 ಇಂಚು ಇರುತ್ತದೆ ಅಂತ ಮೇಸ್ತ್ರಿ ಹೇಳಿದ್ದರು. ನಮ್ಮಮ್ಮ ಐದಡಿಯೂ ಇಲ್ಲ. "ಅಡುಗೆ ಮಾಡೋಳು ನಾನಪ್ಪಾ, ಕಟ್ಟೆ ನನ್ನ ಎತ್ತರಕ್ಕಿರಲಿ" ಅಂದರು. ಇಟ್ಟಿಗೆ ಜೋಡಿಸಿ, ಮೇಲೆ ಒಂದು ಹಲಗೆ ಇಟ್ಟು, ಅಮ್ಮನ ಕೈಯಲ್ಲಿ ಅಲ್ಲೇ ಚಪಾತಿ ಹಿಟ್ಟು ಕಲಸಿಸಿದೆ. ಒಂದೊಂದೇ ಸಾಲು ಇಟ್ಟಿಗೆ ತೆಗೆದು ನೋಡಿದೆವು. ಭುಜ ಮೇಲಕ್ಕೇಳದೆ, ಬೆನ್ನು ಬಗ್ಗದೆ ಕಲಸಲು ಆಗಿದ್ದು 32 ಇಂಚಿಗೆ. ಮಡಿಸಿದ ಮೊಣಕೈಗಿಂತ ಸುಮಾರು 4 ಇಂಚು ಕೆಳಗೆ ಕಟ್ಟೆ ಇದ್ದರೆ ಅಡುಗೆ ಮಾಡುವವರಿಗೆ ಹಿತ. ನಿಮ್ಮ ಮನೆಯಲ್ಲಿ ಜಾಸ್ತಿ ಹೊತ್ತು ಅಲ್ಲಿ ನಿಲ್ಲುವವರು ಯಾರೋ ಅವರ ಮೊಣಕೈ ಅಳೆಯಿರಿ.

ಆಮೇಲೆ ಬೆಳಗಿನ ಕಾಫಿಯಿಂದ ರಾತ್ರಿ ಮೊಸರಿಗೆ ಹೆಪ್ಪು ಹಾಕುವವರೆಗೆ ಅಮ್ಮ ಏನೇನು ಮಾಡುತ್ತಾರೆ ಅಂತ ಹೇಳಿಸಿ ಪಾಯಿಂಟ್ ಎಣಿಸಿದೆ. ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ವಾಟರ್ ಫಿಲ್ಟರ್, ಚಿಮಣಿ, ಇಂಡಕ್ಷನ್, ಮೈಕ್ರೋವೇವ್, ಕಟ್ಟೆಯ ಮೇಲಿನ ಲೈಟು. ಹಳೆಯ ಅಡುಗೆಮನೆಯಲ್ಲಿ ಇದ್ದಿದ್ದು ಎರಡೇ ಪ್ಲಗ್ಗು. ಗ್ರೈಂಡರಿಗೆ ಕಟ್ಟೆಯ ಮೇಲೆ ಜಾಗ ಕೊಡಬೇಡಿ. ತುಂಬಿದ ಗ್ರೈಂಡರನ್ನು ಬಗ್ಗಿಸಿ ಹಿಟ್ಟು ತೆಗೆಯುವುದು ವಯಸ್ಸಾದವರಿಗೆ ಸುಲಭ ಅಲ್ಲ. ನಾವು ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಲ್ಲು ಕೂರಿಸಿ, ಅಲ್ಲೇ ಪಾಯಿಂಟ್ ಕೊಡಿಸಿದ್ದೇವೆ.

ವೈರಿಂಗ್ ಹಳೆಯದನ್ನು ಪೂರ್ತಿ ಕಿತ್ತುಹಾಕಿಸಿ. ನಾವು ಲೈಟಿಗೆ ಒಂದೂವರೆ ಸ್ಕ್ವೇರ್ ಎಂಎಂ, ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿದೆವು. ಗೀಸರಿಗೆ ಬೇರೆಯದೇ ಲೈನು. ಡಿಬಿಯಲ್ಲಿ, ಅಂದರೆ ಮನೆಯ ಲೈನುಗಳೆಲ್ಲ ಸೇರುವ ಡಬ್ಬಿಯಲ್ಲಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಹಾಕಿಸದೆ ಬಿಡಬೇಡಿ, ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಪೈಪು, ವೈರು ಎಲ್ಲ ಕೂತ ಮೇಲೆ, ಗಾರೆ ಹಾಕುವ ಮುಂಚೆ, ಗೋಡೆಗೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಒಂದು ಮೊಳೆ ಹೊಡೆಯುವುದಕ್ಕೂ ಆ ಫೋಟೋ ಬೇಕಾಗುತ್ತದೆ.

ಇನ್ನೊಂದು ಮಾತು. ಓಪನ್ ಕಿಚನ್ ಬೇಕು ಅಂತ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಆ ಕಾಲದ ನಮ್ಮ ಮನೆಗಳಲ್ಲಿ ಎಷ್ಟೋ ಕಡೆ ಪಿಲ್ಲರೇ ಇಲ್ಲ. 9 ಇಂಚಿನ ಗೋಡೆಯೇ ತಾರಸಿ ಹೊತ್ತು ನಿಂತಿರುತ್ತದೆ. ಮೇಸ್ತ್ರಿ "ಏನೂ ಆಗಲ್ಲ" ಅಂದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ನಮಗೆ ಪೂರ್ತಿ ಗೋಡೆ ತೆಗೆಯುವುದು ಬೇಡ ಅಂದರು. ತಾರಸಿಗೆ ಜಾಕಿ ಕೊಟ್ಟು, ಕಬ್ಬಿಣದ ತೊಲೆ ಕೂರಿಸಿ, 5 ಅಡಿ ಅಗಲ ಮಾತ್ರ ಬಿಡಿಸಿದರು. ಅಷ್ಟೇ ಸಾಕಾಯಿತು, ಅಮ್ಮ ಒಲೆಯ ಮುಂದೆ ನಿಂತೇ ಹಾಲಿನಲ್ಲಿ ಕೂತವರ ಜೊತೆ ಮಾತಾಡಬಹುದು. ವೈರಿಗೆ ಗೋಡೆ ಕೊರೆಯುವಾಗಲೂ ಮೇಲಿಂದ ಕೆಳಕ್ಕೆ ನೇರ ಕೊರೆಯಲಿ, ಅಡ್ಡಡ್ಡ ಉದ್ದಕ್ಕೆ ಕೊರೆದರೆ ಗೋಡೆಯ ಶಕ್ತಿ ಹೋಗುತ್ತದೆ.

ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ನೀರು ಕಟ್ಟಿ 48 ಗಂಟೆ ಬಿಡಿ. ನಮ್ಮ ಮೇಲಿನ ಬಾತ್‌ರೂಮಿನಲ್ಲಿ ಎರಡನೇ ದಿನ ಕೆಳಗಿನ ತಾರಸಿಯಲ್ಲಿ ತಟ್ಟೆಯಗಲ ತೇವ ಕಾಣಿಸಿತು. ನೀರು ಹೋಗುವ ಪೈಪಿನ ಜಾಯಿಂಟಿನ ಹತ್ತಿರ ವಾಟರ್‌ಪ್ರೂಫಿಂಗ್ ಸರಿಯಾಗಿ ಕೂತಿರಲಿಲ್ಲ. ಟೈಲ್ಸ್ ಹಾಕಿಬಿಟ್ಟಿದ್ದರೆ ಪೂರ್ತಿ ಒಡೆಸಬೇಕಿತ್ತು.

ಮರದ ಕೆಲಸಕ್ಕೆ ಆತುರ ಮಾಡಬೇಡಿ. ನಮ್ಮೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಹಸಿ ಗಾರೆಯ ಗೋಡೆಗೆ ವಾರ್ಡ್‌ರೋಬ್ ಒತ್ತಿ ನಿಲ್ಲಿಸಿದರೆ ಹಿಂದೆ ಬೂಸ್ಟು ಹಿಡಿಯುವುದು ಖಂಡಿತ. ಬಾತ್‌ರೂಮಿನ ಗೋಡೆಗೆ ಆತುಕೊಂಡು ವಾರ್ಡ್‌ರೋಬ್ ಬರದ ಹಾಗೆ ನೋಡಿಕೊಳ್ಳಿ. ಸಿಂಕಿನ ಕೆಳಗೆ, ಅಡುಗೆಮನೆಯ ಕೆಳಸಾಲಿಗೆ ನೀರು ತಡೆದುಕೊಳ್ಳುವ ಐಎಸ್ 710 ಮುದ್ರೆಯ ಪ್ಲೈವುಡ್ಡೇ ಆಗಬೇಕು. ರೂಮಿನ ವಾರ್ಡ್‌ರೋಬಿಗೆ ಸಾಮಾನ್ಯ ಬಳಕೆಯ ಐಎಸ್ 303 ಸಾಕು. ಲೋಡು ಇಳಿಸುವಾಗ ನೀವೇ ನಿಂತು ಪ್ರತಿ ಹಲಗೆಯ ಮೇಲಿನ ಮುದ್ರೆ ನೋಡಿ. ನಮಗೆ 710 ಅಂತ ಬಿಲ್ ಮಾಡಿ ನಡುನಡುವೆ 303 ಸೇರಿಸಿ ಕಳಿಸಿದ್ದರು. ನೋಡಿದ್ದರಿಂದ ವಾಪಸ್ ಹೋಯಿತು.

ಈಗ ಕೆಂಪು ನೆಲದ ವಿಷಯ. ರೆಡ್ ಆಕ್ಸೈಡ್ ಹಾಕುವ ಒಳ್ಳೆಯ ಕೈ ಈಗ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ನೆಲಕ್ಕೆ ಈಗಿರುವ ಹೊಳಪು 35 ವರ್ಷ ಒರೆಸಿ, ಓಡಾಡಿ ಬಂದಿದ್ದು. ಅದನ್ನು ಒಡೆದು ಟೈಲ್ಸ್ ಹಾಕಿದರೆ ಮತ್ತೆ ಬರುವುದಿಲ್ಲ. ಬೇಸಿಗೆಯಲ್ಲಿ ಅಂಥ ನೆಲದ ಮೇಲೆ ಬರಿಗಾಲಲ್ಲಿ ನಡೆದವರಿಗೆ ನಾನು ಹೇಳಬೇಕಿಲ್ಲ, ಅಲ್ವಾ? ಕೆಲಸ ಮುಗಿಯುವವರೆಗೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಹಳೆಯ ಹಲಗೆ ಹಾಕಿ ಮುಚ್ಚಿಡಿ. ಒಂದು ವಿಷಯ ಕೆಲಸದವರಿಗೆ ಮೊದಲೇ ಖಡಾಖಂಡಿತವಾಗಿ ಹೇಳಿ: ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಸುರಿಯಬಾರದು. ಟೈಲ್ಸಿಗೆ ನಡೆಯುತ್ತದೆ. ಕೆಂಪು ನೆಲ ಅಂದರೆ ಸಿಮೆಂಟೇ, ಆ್ಯಸಿಡ್ ಅದನ್ನೇ ತಿನ್ನುತ್ತದೆ, ಹೊಳಪು ಸುಟ್ಟು ಹೋಗುತ್ತದೆ.

ಗೋಡೆ ತೆಗೆದ ಜಾಗದಲ್ಲಿ ಕೆಂಪು ನೆಲ ಇರುವುದಿಲ್ಲ, 9 ಇಂಚಿನ ಬೋಳು ಪಟ್ಟಿ ಉಳಿಯುತ್ತದೆ. ಅದಕ್ಕೆ ಹೊಸ ಕೆಂಪು ಹಾಕಿ ಹೊಂದಿಸಲು ಹೋಗಬೇಡಿ, ಎಷ್ಟು ಮಾಡಿದರೂ ಬಣ್ಣ ಕೂಡುವುದಿಲ್ಲ. ನಾವು ಅಲ್ಲಿಗೆ ಕಡಪ ಕಲ್ಲಿನ ಕಪ್ಪು ಪಟ್ಟಿ ಹಾಕಿಸಿದೆವು. ಹಳೆಯ ಗೋಡೆ ಇದ್ದ ಜಾಗ ಒಂದು ಹೊಸ್ತಿಲಿನ ಹಾಗೆ ಕಾಣುತ್ತಿದೆ. ಹೋದ ಗುರುವಾರ ಅದು ಕೂತಿತು. ಇನ್ನು ನೆಲ ತೊಳೆದು, ಒಣಗಿಸಿ, ತೆಂಗಿನೆಣ್ಣೆ ಹಚ್ಚಿ ಒರೆಸುವುದು ಬಾಕಿ ಇದೆ. ಆ ಕೆಲಸ ಯಾರಿಗೂ ಕೊಡಬೇಡ, ನಾನೇ ಮಾಡುತ್ತೇನೆ ಅಂತ ಅಮ್ಮ ಹೇಳಿದ್ದಾರೆ.

ನಿಮ್ಮ ಅಡುಗೆಮನೆಯ ಉದ್ದ, ಅಗಲ, ಕಿಟಕಿ ಯಾವ ಕಡೆ ಅಂತ ಬರೆದು ಹಾಕಿ. ಪಾಯಿಂಟ್‌ಗಳ ಲೆಕ್ಕ ಹಾಕಿಕೊಡುತ್ತೇನೆ.