ರೋಮುಲಸ್‌ನನ್ನು ಬಿಡಿ, ಕ್ಷೌರಿಕನಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಪ್ರಾಚೀನ ರೋಮನ್ನರ ಕಾನೂನು ಮತ್ತು ದಿನನಿತ್ಯದ ಬದುಕು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬುಟ್ಟಿಗೆ ಹಾಕುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಹನ್ನೊಂದು ಪುಟಗಳಲ್ಲಿ ಮೊದಲ ನಾಲ್ಕನ್ನು ರೋಮ್ ಕಟ್ಟಿದನೆಂಬ ಕತೆಯ ರೋಮುಲಸ್, ಅವನನ್ನು ಸಾಕಿದ ತೋಳ, ಊರಿನ ಏಳು ಬೆಟ್ಟಗಳೇ ತಿಂದಿವೆ. ಆಮೇಲೆ ‘ಕಾನೂನು’ ಅಂತ ಒಂದು ಭಾಗ, ‘ಬದುಕು’ ಅಂತ ಇನ್ನೊಂದು. ಅಲ್ಲಿ ಹನ್ನೆರಡು ಫಲಕಗಳೆಂಬ ರೋಮಿನ ಹಳೆಯ ಲಿಖಿತ ಕಾನೂನು, ಚಕ್ರವರ್ತಿ ಜಸ್ಟಿನಿಯನ್. ಇಲ್ಲಿ ಊಟ, ಉಡುಗೆ, ಸ್ನಾನಗೃಹ. ಮಾತುಬಿಟ್ಟ ಅತ್ತೆ ಸೊಸೆಯರ ಹಾಗೆ ಒಂದೇ ಸೂರಿನಡಿ ಇದ್ದರೂ ಒಂದರ ಮುಖ ಒಂದು ನೋಡುವುದಿಲ್ಲ. ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಎತ್ತಿಕೊಂಡು ವಾದಕ್ಕೆ ಕೂರುವುದೇ ರೋಮನ್ ಕಾನೂನಿನ ಸೊಗಸು. ಅದು ನಿಮ್ಮ ಕೈತಪ್ಪಿದೆ.

ಆರನೇ ಪುಟದಲ್ಲಿ ‘ಜನರು ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುತ್ತಿದ್ದರು’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಮೇಲಿನಿಂದ ಯಾರೋ ಕೊಳೆನೀರು ಚೆಲ್ಲಿದರು, ಮಡಕೆ ಎಸೆದರು. ಅದು ಕೆಳಗೆ ಹೋಗುತ್ತಿದ್ದವನ ತಲೆಗೆ ಬಿತ್ತು. ಎಸೆದ ಕೈ ಯಾರದೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಪ್ರೀಟರ್ ಎಂಬ ನ್ಯಾಯಾಧಿಕಾರಿಯ ಆಜ್ಞೆ ಆ ಪತ್ತೆದಾರಿಕೆಗೇ ಹೋಗುವುದಿಲ್ಲ. ಆ ಮನೆಯಲ್ಲಿ ವಾಸವಿದ್ದವನೇ ಹೊಣೆ, ನಷ್ಟದ ಎರಡರಷ್ಟು ತೆರಬೇಕು. ಸ್ವತಂತ್ರ ಮನುಷ್ಯ ಸತ್ತರೆ 50 ಚಿನ್ನದ ನಾಣ್ಯ. ಬರೀ ಗಾಯವಾದರೆ ವೈದ್ಯರ ಖರ್ಚು, ತಪ್ಪಿಹೋದ ಕೂಲಿ. ಮೈಮೇಲೆ ಉಳಿದ ಕಲೆಗೆ ಮಾತ್ರ ಏನೂ ಸಿಗದು. ಸ್ವತಂತ್ರನ ದೇಹಕ್ಕೆ ಬೆಲೆ ಕಟ್ಟಲಾಗದು ಎನ್ನುತ್ತಾನೆ ನ್ಯಾಯವೇತ್ತ ಗೈಯಸ್.

ಇದರ ಪಕ್ಕಕ್ಕೆ ಕ್ಷೌರಿಕನನ್ನು ತಂದು ಕೂರಿಸಿ. ನಿಮ್ಮ ಲೇಖನದಲ್ಲಿ ಅವನು ಇಲ್ಲವೇ ಇಲ್ಲ! ಕೆಲವರು ಚೆಂಡಾಡುತ್ತಿದ್ದಾರೆ, ಹತ್ತಿರದಲ್ಲೇ ಕ್ಷೌರಿಕ ಒಬ್ಬ ಗುಲಾಮನ ಗಡ್ಡ ಬೋಳಿಸುತ್ತಿದ್ದಾನೆ. ಜೋರಾಗಿ ಬಂದ ಚೆಂಡು ಅವನ ಕೈಗೆ ಬಡಿದು, ಕತ್ತಿ ಗುಲಾಮನ ಗಂಟಲು ಕೊಯ್ದಿತು. ತಪ್ಪು ಯಾರದು? ನ್ಯಾಯವೇತ್ತ ಪ್ರೊಕ್ಯುಲಸ್ ಕ್ಷೌರಿಕನನ್ನು ಹಿಡಿಯುತ್ತಾನೆ. ಆಟವಾಡುವ ಜಾಗದಲ್ಲಿ, ಜನ ಓಡಾಡುವ ದಾರಿಯಲ್ಲಿ ಕ್ಷೌರ ಮಾಡಿದರೆ ಅವನ ಮೇಲೆ ಒಂದಿಷ್ಟು ಹೊರಿಸಬಹುದು ಎಂದು ಇನ್ನೊಬ್ಬ ನ್ಯಾಯವೇತ್ತ ಅಲ್ಪಿಯನ್ ಒಪ್ಪುತ್ತಾನೆ. ಜೊತೆಗೆ, ಅಂಥ ಅಪಾಯದ ಜಾಗದಲ್ಲಿ ಕುರ್ಚಿ ಹಾಕಿದವನಿಗೆ ಗಂಟಲೊಡ್ಡಿದವನು ತನ್ನನ್ನೇ ಬೈದುಕೊಳ್ಳಬೇಕು ಎಂಬ ಮಾತನ್ನೂ ತಳ್ಳಿಹಾಕುವುದಿಲ್ಲ. ಚರ್ಚೆ ಎಷ್ಟು ಚೂಪಾಗಿದೆ ನೋಡಿ. ಸತ್ತವನ ಹೆಸರು ಮಾತ್ರ ಎಲ್ಲೂ ಇಲ್ಲ. ಪರಿಹಾರ ಹೋಗುವುದು ಅವನ ಯಜಮಾನನಿಗೆ. ಹಾನಿಗೆ ಪರಿಹಾರ ಕೊಡಿಸುವ ಅಕ್ವಿಲಿಯನ್ ಕಾನೂನು ಗುಲಾಮನನ್ನೂ ನಾಲ್ಕು ಕಾಲಿನ ಸಾಕುಪ್ರಾಣಿಯನ್ನೂ ಒಟ್ಟಿಗೇ ಹೇಳಿ, ಹಿಂದಿನ ಒಂದು ವರ್ಷದಲ್ಲಿ ಅದಕ್ಕಿದ್ದ ಅತಿ ಹೆಚ್ಚಿನ ಬೆಲೆ ಕೊಡಿಸುತ್ತದೆ. ‘ಗುಲಾಮರ ಸ್ಥಿತಿ ಅತ್ಯಂತ ಶೋಚನೀಯವಾಗಿತ್ತು’ ಎಂಬ ನಿಮ್ಮ ಸಾಲನ್ನು ಇಷ್ಟಾದ ಮೇಲೆ ಹೊಡೆದುಹಾಕಬಹುದು.

ಇನ್ನು ಯುಸ್ತಾಳ ವಿಷಯ. ನಿಜಕ್ಕೂ ನಾನು ನೆಟ್ಟಗೆ ಕೂತು ಓದಿದ್ದು ಆ ಪುಟವನ್ನೇ. ಹರ್ಕ್ಯುಲೇನಿಯಂ ಎಂಬ ರೋಮನ್ ಊರಿನ ಮೇಣ ಬಳಿದ ಬರವಣಿಗೆಯ ಹಲಗೆಗಳಲ್ಲಿ ಸಿಕ್ಕ ಹುಡುಗಿ. ತಾಯಿ ವಿಟಾಲಿಸ್ ಒಂದು ಕಾಲದಲ್ಲಿ ಗುಲಾಮಳು. ತಾಯಿಗೆ ಬಿಡುಗಡೆಯಾದ ಮೇಲೆ ಹುಟ್ಟಿದವಳೋ, ಅದಕ್ಕೂ ಮುಂಚೆಯೋ ಎಂಬುದರ ಮೇಲೆ ಅವಳ ಇಡೀ ಬದುಕು ನಿಂತಿದೆ. ತಾಯಿ ಗುಲಾಮಳಾಗಿದ್ದ ಮನೆಯ ಒಡತಿ ಕಲಟೋರಿಯಾ ಥೆಮಿಸ್ ಒಂದು ಕಡೆ, ಯುಸ್ತಾ ಇನ್ನೊಂದು ಕಡೆ, ಇಬ್ಬರಿಗೂ ಸಾಕ್ಷಿಗಳಿದ್ದಾರೆ. ಇಷ್ಟು ಚೆನ್ನಾಗಿ ಕಟ್ಟಿ, ಕೊನೆಗೆ ‘ಅಂತೂ ಯುಸ್ತಾಳಿಗೆ ನ್ಯಾಯ ದೊರಕಿತು’ ಎಂದು ಬರೆದಿದ್ದೀರಿ. ಎಲ್ಲಿಂದ ತಂದಿರಿ ಇದನ್ನು? ಆ ಹಲಗೆಗಳಲ್ಲಿ ತೀರ್ಪೇ ಇಲ್ಲ. ವಿಚಾರಣೆ ಕ್ರಿ.ಶ. 75ರ ಹೊತ್ತಿನದು, 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಊರನ್ನೇ ಹೂತಿತು. ನಿಮ್ಮ ಒಳ್ಳೆಯ ಮನಸ್ಸು ಅರ್ಥವಾಗುತ್ತದೆ, ಆದರೆ ಆ ತೀರ್ಪು ಕೊಡುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ.

ಚಿಕ್ಕಪುಟ್ಟವು: ಹನ್ನೆರಡು ಫಲಕಗಳು ಕ್ರಿ.ಪೂ. 451–450ರವು, ಕ್ರಿ.ಶ. ಅಲ್ಲ. ನ್ಯಾಯವೇತ್ತರ ಬರಹಗಳನ್ನು ಒಟ್ಟುಗೂಡಿಸಿದ ಜಸ್ಟಿನಿಯನ್ನನ ‘ಡೈಜೆಸ್ಟ್’ ಕ್ರಿ.ಶ. 533ರಲ್ಲಿ ಬಂದದ್ದು ಕಾನ್‌ಸ್ಟಾಂಟಿನೋಪಲಿನಲ್ಲಿ, ರೋಮಿನಲ್ಲಲ್ಲ. ‘ವಿಧಿಸಲ್ಪಟ್ಟಿತು’, ‘ನೀಡಲ್ಪಟ್ಟಿತು’ಗಳನ್ನು ಎಣಿಸಿದೆ, 43 ಇವೆ. ಯಾರು ವಿಧಿಸಿದರು, ಯಾರು ಕೊಟ್ಟರು ಅಂತ ಬರೆಯಿರಿ. ಕಾನೂನಿನ ಲೇಖನದಲ್ಲಿ ಅದೇ ಮುಖ್ಯ ತಾನೇ? ‘ಪಾತ್ರಿಯಾ ಪೊತೆಸ್ತಾಸ್’ ಅಂತ ಪದೇಪದೇ ಹೇಳುವ ಬದಲು ಒಮ್ಮೆ ವಿವರಿಸಿ, ಆಮೇಲೆ ‘ತಂದೆಯ ಹಿಡಿತ’ ಅಂದರೆ ಸಾಕು.

ಐದು ಪುಟಕ್ಕೆ ಇಳಿಸಿ. ಮಡಕೆ, ಕ್ಷೌರಿಕ, ಯುಸ್ತಾ, ಇದೇ ಕ್ರಮದಲ್ಲಿ. ಮುಂದಿನ ತಿಂಗಳು 20ರೊಳಗೆ ಬಂದರೆ ನಾನೇ ಓದುತ್ತೇನೆ.

ಇಂತು,
ಸಂಪಾದಕ