ಕಡಲಿನ ಸಭೆ ಕೋಲಾರಕ್ಕೆ ಯಾಕೆ?

ಪ್ರಿಯ ಓದುಗರೇ,

ಮುಳಬಾಗಿಲಿನಿಂದ ನೀವು ಬರೆದ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಕರಾವಳಿಯ ಮೀನುಗಾರಿಕೆ ನಿಯಮಗಳ ಬಗ್ಗೆ ಜನರ ಅಭಿಪ್ರಾಯ ಕೇಳಲು ನಡೆದ ಸಭೆಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದು ನಿಮಗೆ ಸಿಟ್ಟು ತರಿಸಿದೆ. "ನಾವಿಲ್ಲಿ ನೀರಿಗಾಗಿ ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲಗಾರರಾಗಿದ್ದೀವಿ, ನೀವು ಸಮುದ್ರದ ಕಥೆ ಹೇಳ್ತೀರಿ. ಆ ಸಭೆಗಳೂ ಅಷ್ಟೇ, ಎಲ್ಲ ಮೊದಲೇ ತೀರ್ಮಾನ ಆಗಿರುತ್ತೆ, ಸುಮ್ನೆ ಸಹಿ ಹಾಕಿಸ್ಕೊಳ್ಳೋಕೆ ಕರೀತಾರೆ" ಎಂದು ಬರೆದಿದ್ದೀರಿ.

ಮೊದಲನೇ ಮಾತಿಗೆ ಚಿಕ್ಕ ಉತ್ತರ ಸಾಕು. ಮಂಗಳೂರು ಕಡೆಯಿಂದ ಬರುವ 75ನೇ ಹೆದ್ದಾರಿ ನಿಮ್ಮ ಮುಳಬಾಗಿಲಿನ ಮೇಲೇ ಹಾದು ಹೋಗುತ್ತದೆ. ನಮ್ಮ ಸಂತೆಯಲ್ಲಿ ಸೇರಿನಲ್ಲಿ ಅಳೆದು ಕೊಡುವ ಒಣಸೀಗಡಿ ಕಡಲಿನ ಕಡೆಯಿಂದಲೇ ಬರಬೇಕು. ಕೋಳಿ ಮೇವಿಗೆ ಮೀನಿನ ಪುಡಿ ಬೆರೆಸುವುದೂ ಉಂಟು. ಅಲ್ಲಿ ಮೀನು ಕಡಿಮೆಯಾದರೆ ಇಲ್ಲಿ ತಟ್ಟೆಗೂ ಫಾರಂಗೂ ತಟ್ಟುತ್ತದೆ ಅಲ್ವಾ?

ಎರಡನೇ ಮಾತು ನನ್ನನ್ನು ಎರಡು ದಿನ ಕಾಡಿತು. ಆ ಸಭೆಗೆ ನಾನೇ ಹೋಗಿದ್ದೆ, ಕೊನೇ ಸಾಲಿನಲ್ಲಿ ಕೂತಿದ್ದೆ. ವರದಿಯಲ್ಲಿ ಜಾಗ ಸಾಲದೆ ಬಿಟ್ಟ ಒಂದು ಸಂಗತಿ ಹೇಳುತ್ತೇನೆ.

ನಾಡದೋಣಿಯ ಹಿರಿಯರೊಬ್ಬರು ಎದ್ದು ಬಂದು, ಜೇಬಿನಿಂದ ಬಲೆಯ ತುಂಡೊಂದನ್ನು ತೆಗೆದು ಅಧಿಕಾರಿಗಳ ಮೇಜಿನ ಮೇಲೆ ಹರಡಿದರು. ಬೋಟಿನ ಹಿಂದೆ ನೀರಿನಲ್ಲಿ ಎಳೆದೊಯ್ಯುವ ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರ್ ಕಣ್ಣು ಇರಬೇಕು ಅನ್ನುವುದು ನಿಯಮ. ಈ ತುಂಡಿನ ಕಣ್ಣಿನೊಳಗೆ ಅವರ ಕಿರುಬೆರಳೂ ತೂರಲಿಲ್ಲ. "ಇದರಲ್ಲಿ ಬಂಗುಡೆಯ ಮರಿ ಬರ್ತದೆ. ಅದನ್ನು ಯಾರೂ ತಿನ್ನುವುದಿಲ್ಲ, ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗ್ತದೆ. ಜೂನ್, ಜುಲೈ ಎರಡು ತಿಂಗಳು ಬೋಟು ಕಟ್ಟಿಟ್ಟು ಮೀನಿಗೆ ಮೊಟ್ಟೆ ಇಡ್ಲಿಕ್ಕೆ ಬಿಡುವುದು ಯಾಕೆ ಮತ್ತೆ, ಮರಿಯನ್ನೇ ಬಾಚುವುದಾದರೆ?" ಎಂದರು. ಸಭೆ ಚಪ್ಪಾಳೆ ಹೊಡೆಯಿತು. ನಾನು ಬರೆದುಕೊಳ್ಳುವ ಗುಮಾಸ್ತರನ್ನೇ ನೋಡುತ್ತಿದ್ದೆ. ಪೆನ್ನು ಕೆಳಗಿತ್ತು. ಆಮೇಲೆ ಹಿಂದಿನಿಂದ ಒಬ್ಬ ಹುಡುಗಿ ಎದ್ದು, "ಸಾರ್, ಈಗ ಹೇಳಿದ್ದನ್ನು ಬರ್ಕೊಂಡಿರಾ? ಓದಿ ಹೇಳಿ" ಎಂದು ಪಟ್ಟು ಹಿಡಿದಳು. ಬರೆದರು. ಓದಿದರು. ಹಿರಿಯರು "35 ಅಂತ ಹಾಕಿ" ಎಂದು ತಿದ್ದಿಸಿದರು.

ನನ್ನ ಮಟ್ಟಿಗೆ ಇಡೀ ಸಭೆಯಲ್ಲಿ ನಡೆದ ನಿಜವಾದ ಕೆಲಸ ಅದೊಂದೇ. ಬಾಯಲ್ಲಿ ಹೇಳಿದ್ದು ಚಪ್ಪಾಳೆಯ ಜೊತೆಗೇ ಮುಗಿದುಹೋಗುತ್ತದೆ. ನಡಾವಳಿಯಲ್ಲಿ ಕೂತ ಮಾತಿಗೆ ಯಾರಾದರೂ ಒಂದು ದಿನ ಉತ್ತರ ಕೊಡಲೇಬೇಕು.

ಕೊರತೆಯೂ ಇತ್ತು. ಸಭೆ ಇಟ್ಟಿದ್ದು ಬೆಳಿಗ್ಗೆ 11ಕ್ಕೆ. ಮೀನು ಮಾರುವ ಹೆಂಗಸರು ಆ ಹೊತ್ತಿಗೆ ಬುಟ್ಟಿ ಮುಂದಿಟ್ಟುಕೊಂಡು ಮಾರ್ಕೆಟ್ಟಿನಲ್ಲಿರುತ್ತಾರೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜು ನಡೆಯುವಾಗಲೇ ರೈತರ ಸಭೆ ಕರೆದರೆ ನೀವು ಹೋಗುತ್ತೀರಾ? ಹೋಗಲಾರಿರಿ. ಆಮೇಲೆ "ರೈತರು ಬರಲಿಲ್ಲ" ಎಂದು ಬರೆದುಕೊಳ್ಳುತ್ತಾರೆ.

ಕೇಳದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕರಾವಳಿಯವರು ರಂಪಣಿಯ ಕಥೆ ಹೇಳುತ್ತಾರೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಬಲೆ ಅದು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಜಾಸ್ತಿಯಾದವು, ದಡಕ್ಕೆ ಬರುವ ಮೊದಲೇ ಮೀನು ಅವುಗಳ ಪಾಲಾಯಿತು. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಿದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿ ಬಹುತೇಕ ಮೂಲೆ ಸೇರಿತ್ತು.

ನಮ್ಮದೂ ಬೇರೆ ಕಥೆ ಏನಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಪೈಪಿನಲ್ಲಿ ಕಳಿಸುವ ನೀರು, ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೇ ಹಂತ ಬೇಡವೇ ಅನ್ನುವ ಗಲಾಟೆ ಜೋರಾಗಿದ್ದು ಕೆರೆಯಲ್ಲಿ ನೊರೆ ಕಂಡ ಮೇಲೆ, ಕೋರ್ಟಿನ ಬಾಗಿಲಲ್ಲಿ. ನೀರು ಬೇಕೇಬೇಕಿತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಪ್ರಶ್ನೆ ಪೈಪು ಹೂಳುವ ಮೊದಲು ಹಳ್ಳಿ ಹಳ್ಳಿಯಲ್ಲಿ ಎದ್ದಿರಬೇಕಿತ್ತು.

ಇನ್ನೊಂದು, ನನ್ನ ಸ್ವಂತ ಊರಿನದು. ನಮ್ಮೂರ ಕೆರೆಯ ಮೀನು ಹರಾಜಾಯಿತು. ಹರಾಜು ಹಿಡಿದವರು ಬೇಸಿಗೆಗೆ ಮುಂಚೆಯೇ ತೂಬು ಎತ್ತಿ ನೀರು ಬಿಟ್ಟು, ಕೆಸರಲ್ಲಿ ಒದ್ದಾಡುವ ಕಾಟ್ಲಾ, ರೋಹು ಬಾಚಿಕೊಂಡು ಹೋದರು. ದನಕ್ಕೆ ಕುಡಿಯಲು ನೀರಿಲ್ಲ. ಕೇಳಲು ಹೋದರೆ ಕಚೇರಿಯಲ್ಲಿ ಫೈಲು ತೆಗೆದು ತೋರಿಸಿದರು: "ನೋಟಿಸ್ ಅಂಟಿಸಲಾಗಿದೆ, ಯಾವುದೇ ಆಕ್ಷೇಪಣೆ ಬಂದಿಲ್ಲ." ನೋಟಿಸ್ ನಿಜವಾಗಿಯೂ ಇತ್ತು. ಅದರ ಮೇಲೆ ಸಾಲಮೇಳದ ಪೋಸ್ಟರ್ ಅಂಟಿಸಿದ್ದರು. ಅಪ್ಪ ಉಗುರಿನಲ್ಲಿ ಆ ಪೋಸ್ಟರ್ ಕೆರೆದು ಕೆಳಗಿನ ಅಕ್ಷರ ಓದಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ "ಮೊದಲೇ ತೀರ್ಮಾನ ಆಗಿರುತ್ತೆ" ಅನ್ನುವ ನಿಮ್ಮ ಮಾತನ್ನು ಸುಳ್ಳು ಅನ್ನಲಾರೆ. ಎಷ್ಟೋ ಸಲ ಆಗಿರುತ್ತದೆ. ಆದರೂ ಹೋಗಿ. ಹೋಗಲಾಗದಿದ್ದರೆ ಬರೆದು ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಡಾವಳಿ ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು ಕೇಂದ್ರ ಸರ್ಕಾರವೇ 2014ರಲ್ಲಿ ನೀತಿ ಮಾಡಿದೆ. ಆ ದಿನಗಳನ್ನು ಲೆಕ್ಕ ಇಡುವವರು ನಮ್ಮಲ್ಲೂ ಬೇಕು.

ಟೊಮೆಟೊ ಬೆಲೆಯ ಬಗ್ಗೆ ನೀವು ಕೇಳಿದ ಲೇಖನ ಮುಂದಿನ ಸಂಚಿಕೆಯಲ್ಲಿ ಖಂಡಿತ ಬರುತ್ತದೆ. ಅಷ್ಟರಲ್ಲಿ ನಿಮ್ಮ ಪಂಚಾಯಿತಿ ಗೋಡೆಯ ಮೇಲೆ ಕೆರೆಯದ್ದೋ ಗೋಮಾಳದ್ದೋ ನೋಟಿಸ್ ಕಂಡರೆ ಒಂದು ಫೋಟೋ ತೆಗೆದು ಕಳಿಸಿ. ಕೊನೇ ದಿನಾಂಕ ಸರಿಯಾಗಿ ಕಾಣುವ ಹಾಗೆ ತೆಗೆಯಿರಿ.

– ಸಂಪಾದಕ